ಸೈಪಾನಿನ ಜಗಳ ಮತ್ತು ಆದರ್ಶದ ಪ್ರಶ್ನೆ

ಆಟವು ದೇಹಾರೋಗ್ಯಕ್ಕೂ ಮನೋಲ್ಲಾಸಕ್ಕೂ ಸಾಧನವೆಂದು ಪ್ರೌಢಶಾಲೆಯ ಪ್ರಬಂಧಗಳಲ್ಲಿ ಬರೆದು ಅಂಕಗಳನ್ನು ಗಳಿಸದವರು ನಮ್ಮಲ್ಲಿ ಯಾರೂ ಇರಲಾರರು. ಆಟಗಾರನು ಎಳೆಯರಿಗೆ ಆದರ್ಶಪ್ರಾಯನಾಗಿರಬೇಕೆಂಬ ವಾಕ್ಯವೂ ಆ ಪ್ರಬಂಧಗಳಲ್ಲಿ ತಪ್ಪದೆ ಬರುತ್ತಿತ್ತು. ಆದರೆ ಆ ಆದರ್ಶವನ್ನು ಯಾರು, ಯಾರಿಂದ, ಏತಕ್ಕಾಗಿ ನಿರೀಕ್ಷಿಸುತ್ತಾರೆಂದು ಮಾತ್ರ ನಾವು ಕೇಳಲಿಲ್ಲ. ನಮಗೆ ಯಾರೂ ಹೇಳಲೂ ಇಲ್ಲ. ಕಾಲ್ಚೆಂಡಾಟದ ಚರಿತ್ರೆಯಲ್ಲಿ ಒಂದು ಜಗಳವು ಈ ಪ್ರಶ್ನೆಯನ್ನು ಇಡಿಯ ದೇಶವೊಂದರ ಮುಂದೆ ತಂದಿರಿಸಿತು. ಅದು 2002ನೆಯ ಇಸವಿಯ ಮೇ ತಿಂಗಳಲ್ಲಿ, ಶಾಂತಸಾಗರದ ಸೈಪಾನ್ ಎಂಬ ಸಣ್ಣ ದ್ವೀಪದಲ್ಲಿ, ಐರ್ಲೆಂಡ್ ತಂಡದ ನಾಯಕ ರಾಯ್ ಕೀನನಿಗೂ ಅದೇ ತಂಡದ ಮ್ಯಾನೇಜರ್ ಮಿಕ್ ಮೆಕಾರ್ಥಿಗೂ ನಡೆದ ಜಗಳ. ಇಪ್ಪತ್ತು ವರ್ಷಗಳು ಕಳೆದರೂ ಅಭಿಮಾನಿಗಳು ಅದನ್ನು ಬಿಟ್ಟಿಲ್ಲ. 2025ರಲ್ಲಿ ಆ ದ್ವೀಪದ ಹೆಸರಿನಲ್ಲಿಯೇ ಒಂದು ಚಲನಚಿತ್ರವೂ ಬಂದಿತು. ನಮ್ಮ ವಿದ್ಯಾರ್ಥಿನಿಲಯದಲ್ಲಿ ನಡುರಾತ್ರಿಯವರೆಗೆ ಎಚ್ಚರವಿದ್ದು ಇಂಗ್ಲೆಂಡಿನ ಪಂದ್ಯಗಳನ್ನು ಮೊಬೈಲಿನಲ್ಲಿ ನೋಡುವ ಮಿತ್ರರಿದ್ದಾರೆ. ತಾವು ಹುಟ್ಟುವುದಕ್ಕೆ ಮುಂಚೆ ನಡೆದ ಈ ಜಗಳದಲ್ಲಿ ಅವರೂ ಎರಡು ಪಕ್ಷಗಳಾಗಿ ಒಡೆದಿರುವುದನ್ನು ಕಂಡು, ವಿಷಯವನ್ನು ಕೊಂಚ ಕ್ರಮವಾಗಿ ವಿಚಾರಿಸಬೇಕೆಂದು ನನಗೆ ತೋರಿತು.

ಮೊದಲು ವ್ಯಕ್ತಿಗಳ ಪರಿಚಯ. ಮ್ಯಾನೇಜರ್ ಎಂದರೆ ನಮ್ಮಲ್ಲಿಯಂತೆ ಸಾಮಾನು ಸರಂಜಾಮುಗಳನ್ನು ನೋಡಿಕೊಳ್ಳುವವನಲ್ಲ. ಆ ಕಡೆಯ ಕಾಲ್ಚೆಂಡಾಟದಲ್ಲಿ ತಂಡವನ್ನು ಆರಿಸುವವನೂ ತಿದ್ದುವವನೂ ಆಟದ ತಂತ್ರವನ್ನು ಹೂಡುವವನೂ ಅವನೇ. ಮೆಕಾರ್ಥಿಯು ಇಂಗ್ಲೆಂಡಿನ ಬಾರ್ನ್ಸ್‌ಲಿಯಲ್ಲಿ ಐರಿಷ್ ತಂದೆಗೆ ಹುಟ್ಟಿದವನು. 1990ರಲ್ಲಿ ಐರ್ಲೆಂಡ್ ಮೊತ್ತಮೊದಲ ಬಾರಿಗೆ ವಿಶ್ವಕಪ್ಪಿನಲ್ಲಿ ಆಡಿ ಎಂಟರ ಘಟ್ಟವನ್ನು ಮುಟ್ಟಿದಾಗ ನಾಯಕನಾಗಿದ್ದವನು. ಕೀನನು ಕಾರ್ಕ್ ನಗರದ ಕಾರ್ಮಿಕ ಕುಟುಂಬದಲ್ಲಿ 1971ರಲ್ಲಿ ಹುಟ್ಟಿ, 1993ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿ, 1997ರಲ್ಲಿ ಅದರ ನಾಯಕನಾದನು. ಅವನ ಆಟದ ಗುಣವನ್ನು ತಿಳಿಯಲು ಒಂದೇ ಪಂದ್ಯವನ್ನು ಹೇಳಿದರೆ ಸಾಕು. 1999ರ ಏಪ್ರಿಲ್ 21ರಂದು ಟ್ಯೂರಿನ್ನಿನಲ್ಲಿ ಯುವೆಂಟಸ್ ತಂಡದೆದುರು ಯುನೈಟೆಡ್ ಮೊದಲ ಹನ್ನೊಂದು ನಿಮಿಷಗಳಲ್ಲಿಯೇ ಎರಡು ಗೋಲುಗಳ ಹಿಂದೆ ಬಿದ್ದಿತ್ತು. ಕೀನನು ತಲೆಯಿಂದ ಹೊಡೆದು ಮೊದಲ ಗೋಲನ್ನು ತಂದನು. ಕೆಲವೇ ನಿಮಿಷಗಳಲ್ಲಿ ಅವನಿಗೆ ಹಳದಿ ಚೀಟಿ ಬಿದ್ದಿತು. ತಂಡ ಗೆದ್ದರೂ ಯೂರೋಪಿನ ಅಂತಿಮ ಪಂದ್ಯವನ್ನು ತಾನು ಆಡುವಂತಿಲ್ಲವೆಂದು ಆ ಕ್ಷಣದಲ್ಲಿ ಅವನಿಗೆ ತಿಳಿಯಿತು. ಹೀಗಿದ್ದೂ ಉಳಿದ ಹೊತ್ತಿನಲ್ಲಿ ಅವನು ಆಡಿದ ಆಟವನ್ನು ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಯುನೈಟೆಡ್ 3-2ರಿಂದ ಗೆದ್ದಿತು.

ಈಗ ಜಗಳದ ಸಂಗತಿ. 2002ರ ವಿಶ್ವಕಪ್ ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ನಡೆಯತಕ್ಕದ್ದಿತ್ತು. ಅದಕ್ಕೆ ಮುನ್ನ ಐರ್ಲೆಂಡ್ ತಂಡವನ್ನು ಸೈಪಾನಿನಲ್ಲಿ ಇಳಿಸಿದರು. ಅಲ್ಲಿಗೆ ಅಭ್ಯಾಸದ ಚೆಂಡು ಮೊದಲಾದ ಸಾಮಾನುಗಳ ಪೆಟ್ಟಿಗೆಗಳು ಸಕಾಲಕ್ಕೆ ತಲಪಿರಲಿಲ್ಲ; ಮೈದಾನವು ಬಂಡೆಯಂತೆ ಗಟ್ಟಿಯಾಗಿತ್ತು. ಅಭ್ಯಾಸದ ಕೊನೆಯ ಆಟಕ್ಕೆ ಗೋಲ್‌ಕೀಪರುಗಳು ನಿಲ್ಲದೆ ಹೋದುದಕ್ಕೂ ಕೀನನು ಕಿಡಿಕಾರಿದನು. ಮನೆಗೆ ಹೋಗುತ್ತೇನೆಂದನು, ಮರಳಿ ಮನಸ್ಸು ಬದಲಿಸಿದನು. ಈ ನಡುವೆ 'ಐರಿಷ್ ಟೈಮ್ಸ್' ಪತ್ರಿಕೆಗೆ ಅವನು ಕೊಟ್ಟ ಸಂದರ್ಶನವು ಮೇ 23ರಂದು ಅಚ್ಚಾಯಿತು. ಏರ್ಪಾಡುಗಳ ಲೋಪಗಳನ್ನೆಲ್ಲ ಅದರಲ್ಲಿ ಅವನು ಮುಚ್ಚುಮರೆಯಿಲ್ಲದೆ ಹೇಳಿದ್ದನು. ಅಂದು ಸಂಜೆ ಮೆಕಾರ್ಥಿಯು ತಂಡವನ್ನೆಲ್ಲ ಕೂಡಿಸಿ, ಆ ಸಂದರ್ಶನವನ್ನು ಮುಂದಿಟ್ಟು, ನಾಯಕನನ್ನು ಎಲ್ಲರೆದುರಿಗೆ ಪ್ರಶ್ನಿಸಿದನು. ಕೀನನು ಅನೇಕ ವರ್ಷಗಳ ಕಹಿಯನ್ನೆಲ್ಲ ಕಾರಿಕೊಂಡನು. ಅಲ್ಲಿ ಆಡಿದ ಮಾತುಗಳು ಯಾವುವೆಂಬುದರಲ್ಲಿ ಅಲ್ಲಿದ್ದವರ ಹೇಳಿಕೆಗಳೇ ಒಂದಕ್ಕೊಂದು ಹೊಂದುವುದಿಲ್ಲ. ಅವು ಅಚ್ಚಿಗೆ ತಕ್ಕವಲ್ಲವೆಂಬುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿದೆ. ನಾಯಕನನ್ನು ಊರಿಗೆ ಕಳುಹಿಸಲಾಯಿತು. ಬದಲಿ ಆಟಗಾರನನ್ನು ಸೇರಿಸಿಕೊಳ್ಳುವ ಗಡುವು ಮೀರಿದ್ದುದರಿಂದ ಐರ್ಲೆಂಡ್ 23ಕ್ಕೆ ಬದಲಾಗಿ 22 ಮಂದಿಯೊಡನೆ ವಿಶ್ವಕಪ್ಪಿಗೆ ಹೋಯಿತು.

ಆಗ ಐರ್ಲೆಂಡಿನ ಜನಸಂಖ್ಯೆ ಸುಮಾರು 39 ಲಕ್ಷ. ನಮ್ಮ ಬೆಂಗಳೂರಿಗಿಂತ ಕಡಿಮೆ. ಆ ಜನವೆಲ್ಲ ಪಾನಗೃಹಗಳಲ್ಲಿ, ರೇಡಿಯೋದಲ್ಲಿ, ಪತ್ರಿಕೆಗಳ ಪುಟಗಳಲ್ಲಿ, ಊಟದ ಮೇಜಿನ ಸುತ್ತ ಇದನ್ನೇ ವಾದಿಸಿದರು. ಪ್ರಧಾನಿ ಬರ್ಟಿ ಅಹರ್ನ್ ಸಂಧಾನಕ್ಕೆ ತಾವು ಸಿದ್ಧರೆಂದರು! ದೇಶವೊಂದರ ಪ್ರಧಾನಿ ಚೆಂಡಿನ ಪೆಟ್ಟಿಗೆಯ ಜಗಳಕ್ಕೆ ನ್ಯಾಯ ಹೇಳಲು ಹೊರಟದ್ದು ನಗೆಗೆ ಈಡಾಗಬಹುದು. ಆದರೆ ಅಲ್ಲಿಯ ವಿಚಾರವಂತರು ನಗಲಿಲ್ಲ. ಆ ದೇಶವು ಬಡತನದಿಂದ ಆಗತಾನೆ ಮೇಲಕ್ಕೆದ್ದಿತ್ತು. ತೊಂಬತ್ತರ ದಶಕದಲ್ಲಿ ಅದರ ಆರ್ಥಿಕ ವೇಗವನ್ನು ಕಂಡವರು ಅದನ್ನು 'ಕೆಲ್ಟಿಕ್ ಹುಲಿ' ಎಂದು ಕರೆದಿದ್ದರು. ಇದ್ದುದರಲ್ಲಿ ಹೊಂದಿಕೊಂಡು, ಚೆನ್ನಾಗಿ ಆಡಿ, ಸೋತರೂ ಹಾಡುತ್ತ ಮನೆಗೆ ಮರಳುವುದೇ ನಮ್ಮ ಹಿರಿಮೆ ಎನ್ನುವ ಹಳೆಯ ಐರ್ಲೆಂಡ್ ಒಂದು ಕಡೆ. ನಾವೂ ಇತರರಂತೆ ಗೆಲ್ಲಲು ಬಂದವರು, ನಮಗೂ ಸರಿಯಾದ ಮೈದಾನ ಬೇಕು ಎನ್ನುವ ಹೊಸ ಐರ್ಲೆಂಡ್ ಇನ್ನೊಂದು ಕಡೆ ಎಂದು ಅವರು ಈ ಜಗಳವನ್ನು ವ್ಯಾಖ್ಯಾನಿಸಿದರು. ಇದು ತುಸು ಅತಿಯಾದ ಬಿಡಿಸಿಕೆಯೆಂದು ನನಗೆ ತೋರುತ್ತದೆ. ಸಿಟ್ಟಿಗೆದ್ದ ಮನುಷ್ಯನೊಬ್ಬನ ಹೆಗಲ ಮೇಲೆ ರಾಷ್ಟ್ರದ ಚರಿತ್ರೆಯನ್ನು ಹೊರಿಸುವುದು ಲೇಖಕರಿಗೆ ಸುಲಭ. ಆದರೂ ಅದರಲ್ಲಿ ಹುರುಳಿಲ್ಲದೆ ಇಲ್ಲ.

ಮೆಕಾರ್ಥಿಯ ಪಕ್ಷದವರ ವಾದವನ್ನು ತಳ್ಳಿಹಾಕುವಂತಿಲ್ಲ. ಸೈಪಾನಿಗೆ ಹೋದದ್ದು ದೀರ್ಘ ಋತುವಿನ ದಣಿವನ್ನು ಕಳೆಯಲು. ನಿಜವಾದ ಅಭ್ಯಾಸವು ತರುವಾಯ ಜಪಾನಿನಲ್ಲಿ ಆಗತಕ್ಕದ್ದಿತ್ತು. ಪೆಟ್ಟಿಗೆಗಳು ತಡವಾದದ್ದು ಮ್ಯಾನೇಜರನ ತಪ್ಪಲ್ಲ. ಮೇಲಾಗಿ ನಾಯಕನೆಂಬವನು ಮನೆಯ ಮಾತನ್ನು ಪತ್ರಿಕೆಯವರ ಮುಂದೆ ಬಿಚ್ಚಬಹುದೇ? ಉಳಿದ 22 ಮಂದಿಯೂ ಅದೇ ಬಿರುಸು ನೆಲದ ಮೇಲೆಯೇ ಓಡಿದವರಲ್ಲವೇ? ಕೀನನ ಪಕ್ಷದವರು ಹೇಳುತ್ತಿದ್ದುದು ಇಷ್ಟು: ಅಧಿಕಾರಿಗಳು ವಿಮಾನದ ಮುಂದಿನ ಸುಖಾಸನಗಳಲ್ಲಿಯೂ ಆಟಗಾರರು ಹಿಂದಿನ ಇಕ್ಕಟ್ಟಿನಲ್ಲಿಯೂ ಪ್ರಯಾಣ ಮಾಡುತ್ತಿದ್ದ ಕಾಲದಿಂದ ಅವನು ಇದನ್ನೇ ಹೇಳುತ್ತ ಬಂದಿದ್ದನು, ಒಳಗೆ ಹೇಳಿದಾಗ ಕೇಳಿದವರಿಲ್ಲ, ಹೊರಗೆ ಹೇಳಿದಾಗ ಶಿಸ್ತಿನ ಮಾತು ಬಂದಿತು.

ಆಟದ ಫಲಿತಾಂಶದಿಂದಲೂ ವಾದವು ತೀರಲಿಲ್ಲ. ನಾಯಕನಿಲ್ಲದ ತಂಡವು ಕ್ಯಾಮರೂನಿನೊಡನೆ 1-1 ಸಮ ಮಾಡಿಕೊಂಡಿತು. ಜರ್ಮನಿಯ ವಿರುದ್ಧ 90 ನಿಮಿಷಗಳು ಮುಗಿದ ಮೇಲೆ ರಾಬಿ ಕೀನ್ ಎಂಬವನು (ಇವನು ನಮ್ಮ ಕೀನನ ನೆಂಟನಲ್ಲ) ಗೋಲು ಹೊಡೆದು ಪಂದ್ಯವನ್ನು ಸಮ ಮಾಡಿದನು. ಅಂತಿಮ ಪಂದ್ಯಕ್ಕೆ ಮುನ್ನ ಜರ್ಮನಿಯ ಬಲೆಗೆ ಬಿದ್ದ ಗೋಲು ಅದೊಂದೇ. ಸೌದಿ ಅರೇಬಿಯಾವನ್ನು 3-0ರಿಂದ ಸೋಲಿಸಿ, ಜೂನ್ 16ರಂದು ಸ್ಪೇನಿನೊಡನೆ 1-1 ಆಡಿ, ಕೊನೆಗೆ ಪೆನಾಲ್ಟಿಗಳಲ್ಲಿ ಸೋತಿತು. ಇಷ್ಟು ಸಾಧಿಸಿದ್ದು ಮೆಕಾರ್ಥಿಯ ಹೆಮ್ಮೆಯೆಂದು ಒಬ್ಬರು. ಕೀನನಿದ್ದಿದ್ದರೆ ಇನ್ನೂ ಮುಂದೆ ಹೋಗುತ್ತಿತ್ತೆಂದು ಇನ್ನೊಬ್ಬರು.

ನನ್ನ ಎಣಿಕೆಯಲ್ಲಿ ಅಭಿಮಾನಿಗಳು ಎರಡು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟರು. ಏರ್ಪಾಡು ಸರಿಯಾಗಿತ್ತೇ ಎಂಬುದು ಒಂದು. ಕೀನನು ಮಕ್ಕಳು ಅನುಸರಿಸತಕ್ಕ ಮನುಷ್ಯನೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಇಲ್ಲವೆಂದು ಉತ್ತರ ಬಂದ ಕೂಡಲೇ ಮೊದಲನೆಯದಕ್ಕೂ ಉತ್ತರ ಸಿಕ್ಕಿತೆಂದು ಬಹಳ ಮಂದಿ ಭಾವಿಸಿದರು. ಮೈದಾನ ಗಟ್ಟಿಯೋ ಮೃದುವೋ ಎಂಬುದು ಅದನ್ನು ಹೇಳಿದವನ ನಾಲಗೆಯ ಸೌಜನ್ಯವನ್ನು ಅವಲಂಬಿಸಿದ ಸಂಗತಿಯಲ್ಲ.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮನೆತನದಲ್ಲಿ ಪದವಿಯ ತರಗತಿಗೆ ಬಂದವರಲ್ಲಿ ನಾನೇ ಮೊದಲಿಗ. ಊರಿಗೆ ಹೋದರೆ ಹಿರಿಯರು ಮಕ್ಕಳನ್ನು ಕರೆದು, "ಅಣ್ಣನ್ನ ನೋಡಿ ಕಲೀರೋ" ಎನ್ನುತ್ತಾರೆ. ಆ ಮಾತಿನಲ್ಲಿ ಪ್ರೀತಿಯೇ ಇದೆ; ನನಗೆ ಅದರಿಂದ ಸಂಕೋಚವೂ ಸಂತೋಷವೂ ಆಗುವುದುಂಟು. ಆದರೆ ಒಮ್ಮೆ ನಾವು ನಾಲ್ಕೈದು ಮಂದಿ ವಿದ್ಯಾರ್ಥಿವೇತನವು ಇನ್ನೂ ಏಕೆ ಬಂದಿಲ್ಲವೆಂದು ಒಂದು ಕಚೇರಿಯಲ್ಲಿ ವಿಚಾರಿಸಲು ಹೋದಾಗ, ಅಲ್ಲಿದ್ದವರೊಬ್ಬರು, "ಓದಿದವರು ನೀವು, ನಾಲ್ಕು ಜನಕ್ಕೆ ಮಾದರಿಯಾಗಿರಬೇಕಾದವರು, ಹೀಗೆ ಗುಂಪು ಕಟ್ಟಿಕೊಂಡು ಬರೋದೇನ್ರಪ್ಪ?" ಎಂದರು. ನಮ್ಮ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ಮಾದರಿಯೆಂಬ ಅದೇ ಪದವು ಊರಿನಲ್ಲಿ ಮೇಲಕ್ಕೆತ್ತಲು ಬಳಕೆಯಾಗುತ್ತದೆ. ಕಚೇರಿಯಲ್ಲಿ ಬಾಯಿ ಮುಚ್ಚಿಸಲು ಬಳಕೆಯಾಯಿತು. ಕಲ್ಲು ಆರಿಸಿ ಚೆಂಡಾಡಿ ಬೆಳೆದ ನಮ್ಮ ಕಡೆಯ ಹುಡುಗರಿಗೆ ಸೈಪಾನಿನ ನೆಲವೇನೂ ಅಂಥ ಗಟ್ಟಿಯಲ್ಲವೆಂದು ಮಿತ್ರನೊಬ್ಬನು ನಕ್ಕನು. ನಕ್ಕದ್ದು ಸರಿಯೇ. ಆದರೆ ಕಲ್ಲು ಆರಿಸುವುದೇ ಗುಣವೆಂದು ನಮಗೆ ಎಷ್ಟು ಚೆನ್ನಾಗಿ ಕಲಿಸಿದ್ದಾರೆಂದರೆ, ಕಲ್ಲಿಲ್ಲದ ಮೈದಾನವನ್ನು ಕೇಳಿದವನು ನಮಗೇ ಗರ್ವಿಷ್ಠನಾಗಿ ಕಾಣುತ್ತಾನೆ.

ಹಾಗೆಂದು ಕೀನನನ್ನು ಇಡಿಯಾಗಿ ಎತ್ತಿ ಪೂಜಿಸಲು ನಾನು ಸಿದ್ಧನಿಲ್ಲ. 1997ರಲ್ಲಿ ಲೀಡ್ಸ್ ತಂಡದ ಆಲ್ಫ್-ಇಂಗೆ ಹಾಲಾಂಡನನ್ನು ಕೆಡವಲು ಹೋಗಿ ಕೀನನು ತನ್ನ ಮೊಣಕಾಲಿಗೆ ತಾನೇ ಏಟು ಮಾಡಿಕೊಂಡನು. ನಟಿಸುತ್ತಿದ್ದೀಯೆ ಎಂದು ಹಾಲಾಂಡನು ಅವನನ್ನು ಜರೆದನು. 2001ರಲ್ಲಿ ಮ್ಯಾಂಚೆಸ್ಟರ್ ನಗರದ ಎರಡು ತಂಡಗಳ ಪಂದ್ಯದಲ್ಲಿ ಕೀನನು ಅವನ ಮೊಣಕಾಲಿನ ಮೇಲೆ ಕಾಲಿಟ್ಟು ತುಳಿದನು. ಮರುವರ್ಷ ಬಂದ ಆತ್ಮಕಥೆಯಲ್ಲಿ ಅದು ಸೇಡೆಂದು ಓದುಗರಿಗೆ ತಿಳಿಯುವಂತೆ ಬರೆದದ್ದಕ್ಕೆ ಐದು ಪಂದ್ಯಗಳ ನಿಷೇಧವೂ 1,50,000 ಪೌಂಡುಗಳ ದಂಡವೂ ಬಿದ್ದುವು. ಇಂದು ನಮ್ಮ ಮಿತ್ರರು ಮೆಚ್ಚುವ ಎರ್ಲಿಂಗ್ ಹಾಲಾಂಡನು ಆ ಆಲ್ಫ್-ಇಂಗೆಯ ಮಗ. ಈ ಸೇಡನ್ನು ಯಾವ ತರ್ಕವೂ ಸಮರ್ಥಿಸಲಾರದು. ಟ್ಯೂರಿನ್ನಿನ ಕೀನನೂ ಈ ಕೀನನೂ ಒಬ್ಬನೇ. ಎರಡೂ ಕಡೆ ಇದ್ದುದು ಬಿಡಲಾರದ ಅದೇ ಹಟ. ಆದುದರಿಂದ ಮನುಷ್ಯನನ್ನು ಇಡಿಯಾಗಿ ಆದರ್ಶವೆಂದು ಒಪ್ಪುವುದೂ ಇಡಿಯಾಗಿ ನಿರಾಕರಿಸುವುದೂ ಒಂದೇ ಬಗೆಯ ಸೋಮಾರಿತನ. ಅವನ ಯಾವ ಕೆಲಸ ನಮಗೆ ಬೇಕು, ಯಾವುದು ಬೇಡವೆಂದು ಆರಿಸುವ ಶ್ರಮವನ್ನು ನೋಡುವವನೇ ಪಡಬೇಕು.

ಮ್ಯಾನೇಜರನ ಕಡೆಯ ಲೋಪ ಬೇರೆ ತೆರನಾದುದು. ಮೆಕಾರ್ಥಿಯು ಒಳ್ಳೆಯವನೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಸಿಡಿದೇಳುವ ಸ್ವಭಾವದವನೆಂದು ಹತ್ತು ವರ್ಷಗಳಿಂದ ಬಲ್ಲ ಮನುಷ್ಯನನ್ನು ಪ್ರತ್ಯೇಕವಾಗಿ ಕರೆದು ಕೇಳುವುದನ್ನು ಬಿಟ್ಟು, ಸಹ ಆಟಗಾರರೆಲ್ಲರ ಮುಂದೆ ನಿಲ್ಲಿಸಿದ್ದು ಏಕೆ? ತರಗತಿಯಲ್ಲಿ ಉಪಾಧ್ಯಾಯರು ಹುಡುಗನೊಬ್ಬನನ್ನು ಎಬ್ಬಿಸಿ ನಿಲ್ಲಿಸಿ ತಪ್ಪೊಪ್ಪಿಸಲು ಹೋದಾಗ ಏನಾಗುತ್ತದೆಂದು ನಮ್ಮ ಅಧ್ಯಾಪಕವರ್ಗದವರು ನನಗಿಂತ ಚೆನ್ನಾಗಿ ಬಲ್ಲರು. ಅಂಥ ಹೊತ್ತಿನಲ್ಲಿ ನಿಜಸುಳ್ಳುಗಳು ಹಿಂದಾಗಿ ಮಾನದ ಪ್ರಶ್ನೆ ಮುಂದಾಗುತ್ತದೆ.

ಅದೇ ವರ್ಷ ಐರ್ಲೆಂಡಿನ ಕಾಲ್ಚೆಂಡು ಸಂಸ್ಥೆಯು ಈ ವಿಶ್ವಕಪ್ಪಿನ ಏರ್ಪಾಡುಗಳನ್ನು ಕುರಿತು ಹೊರಗಿನವರಿಂದ ತನಿಖೆ ಮಾಡಿಸಿತು. 'ಜೆನೆಸಿಸ್ ವರದಿ'ಯೆಂದು ಹೆಸರಾದ ಅದು ಸಂಸ್ಥೆಯ ಯೋಜನೆಯಲ್ಲಿಯೂ ಆಡಳಿತದಲ್ಲಿಯೂ ಕೊರತೆಗಳಿದ್ದುವೆಂದು ತಿಳಿಸಿ ಸುಧಾರಣೆಗಳನ್ನು ಸೂಚಿಸಿತು. ಪ್ರಧಾನ ಕಾರ್ಯದರ್ಶಿ ರಾಜೀನಾಮೆ ಕೊಟ್ಟರು. ನವೆಂಬರಿನಲ್ಲಿ ಮೆಕಾರ್ಥಿಯೂ ಹುದ್ದೆಯನ್ನು ಬಿಟ್ಟನು. ಕೀನನ ಒರಟುತನವನ್ನು ಆ ವರದಿ ಸಮರ್ಥಿಸಿತೆಂದು ನಾನು ಹೇಳುವುದಿಲ್ಲ. ಆದರೆ ಅವನ ದೂರಿನಲ್ಲಿ ತಿರುಳಿತ್ತೆಂಬುದನ್ನು ಕಾಗದದ ಮೇಲೆ ಒಪ್ಪಬೇಕಾಯಿತು. 2004ರಲ್ಲಿ, ಬೇರೆ ಮ್ಯಾನೇಜರನ ಕೈಕೆಳಗೆ, ಅವನು ಐರ್ಲೆಂಡಿಗೆ ಮರಳಿ ಆಡಿದನು.

ಸೌಮ್ಯವಾಗಿ ಕೇಳಿ ಪಡೆದವರೂ ಇದ್ದಾರೆ. ಅದೇ ಯುನೈಟೆಡ್ ತಂಡದ ಮಾರ್ಕಸ್ ರಾಶ್‌ಫರ್ಡ್ 2020ರ ಜೂನಿನಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ಬಡಮಕ್ಕಳ ಊಟದ ನೆರವನ್ನು ಬೇಸಗೆ ರಜೆಯಲ್ಲಿಯೂ ಮುಂದುವರಿಸಬೇಕೆಂದು ಪಾರ್ಲಿಮೆಂಟಿನ ಸದಸ್ಯರಿಗೆ ಬಹಿರಂಗ ಪತ್ರ ಬರೆದನು. ಬಾಲ್ಯದಲ್ಲಿ ತಾನೇ ಅಂಥ ಊಟವನ್ನುಂಡವನು ಅವನು. ಒಲ್ಲೆನೆಂದಿದ್ದ ಸರಕಾರವು ಮರುದಿನವೇ ಒಪ್ಪಿತು. ಶಾಲೆಯ ಬಿಸಿಯೂಟವನ್ನುಂಡು ಬೆಳೆದ ನನ್ನಂಥವನಿಗೆ ಈ ಸಂಗತಿ ಓದಿದೊಡನೆ ಮನಸ್ಸಿಗೆ ತಾಕಿತು. ಕೀನನಿಗೆ ಆ ಸೌಮ್ಯ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಕೀನನಿಗೂ ಮೆಕಾರ್ಥಿಗೂ ವೈಮನಸ್ಯ ಮೊಳೆತದ್ದು 1992ರಲ್ಲಿ, ಅಮೆರಿಕದ ಪ್ರವಾಸದಲ್ಲಿ, ಎಳೆಯ ಕೀನನು ತಂಡದ ಬಸ್ಸಿಗೆ ತಡವಾಗಿ ಬಂದುದನ್ನು ಹಿರಿಯ ಮೆಕಾರ್ಥಿ ಆಕ್ಷೇಪಿಸಿದಾಗ. 2006ರಲ್ಲಿ ಕೀನನು ತಾನೇ ಸಂಡರ್ಲೆಂಡ್ ತಂಡಕ್ಕೆ ಮ್ಯಾನೇಜರನಾದನು. ಮರುವರ್ಷ ಅದನ್ನು ಮೇಲಿನ ದರ್ಜೆಗೂ ಏರಿಸಿದನು. ಆ ಋತುವಿನಲ್ಲಿ ಒಂದು ದಿನ ಹೊರಡುವ ಹೊತ್ತಿಗೆ ಮೂವರು ಆಟಗಾರರು ಬಂದಿರಲಿಲ್ಲ. ಕೀನನು ಕಾಯಲಿಲ್ಲ, ಅವರನ್ನು ಬಿಟ್ಟು ಬಸ್ಸನ್ನು ಹೊರಡಿಸಿದನು. ಇದು ಶಿಸ್ತೋ ಮರೆವೋ ಎಂದು ನಮ್ಮ ವಿದ್ಯಾರ್ಥಿನಿಲಯದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅಂದು ಅವರು ಆಡಲು ಹೋದದ್ದು ಬಾರ್ನ್ಸ್‌ಲಿಗೆ, ಮೆಕಾರ್ಥಿ ಹುಟ್ಟಿದ ಊರಿಗೆ.