ವಕ್ರರೇಖೆಯನ್ನು ಪಕ್ಕಕ್ಕೆ ಸರಿಸುವ ಬಗೆ

ದಾದರಿನಿಂದ ಠಾಣೆಗೆ ಹೋಗುವ ಎರಡು ಸ್ಲೋ ಲೋಕಲ್ ಗಾಡಿಗಳನ್ನು ನೆನೆಯೋಣ. ಒಂದು 7 ಗಂಟೆಗೂ, ಇನ್ನೊಂದು 7 ಗಂಟೆ 6 ಮಿನಿಟಿಗೂ ಹೊರಡುವುವೆಂದು ಭಾವಿಸೋಣ. ಪ್ರತಿಯೊಂದು ನಿಲ್ದಾಣದಲ್ಲಿಯೂ ವೇಳೆಯನ್ನು ಬರೆದುಕೊಂಡು, ಅಡ್ಡ ಅಕ್ಷದ ಮೇಲೆ ಕಾಲವನ್ನೂ ಲಂಬ ಅಕ್ಷದ ಮೇಲೆ ದೂರವನ್ನೂ ಗುರುತಿಸಿದರೆ ಎರಡು ವಕ್ರರೇಖೆಗಳು ದೊರೆಯುತ್ತವೆ. ಗಾಡಿಗಳು ಒಂದೇ ಬಗೆಯಾಗಿ ಓಡಿದುವೋ ಇಲ್ಲವೋ ಎಂಬುದು ಆಗ ತಟ್ಟನೆ ತಿಳಿಯದು. ಎರಡನೆಯ ರೇಖೆಯನ್ನು 6 ಮಿನಿಟು ಎಡಕ್ಕೆ ಸರಿಸಿ ಮೊದಲನೆಯದರ ಮೇಲಿಟ್ಟರೆ ತಿಳಿಯುತ್ತದೆ.

ಕಾಗದದ ಮೇಲಾದರೆ ರೇಖೆಯನ್ನು ಮತ್ತೆ ಬರೆಯಬೇಕು. ಗಣಕಯಂತ್ರದಲ್ಲಿ, ಪೈಥಾನ್ ಭಾಷೆಯ ನಮ್‌ಪೈ ಸಾಧನವಿದ್ದರೆ, ಒಂದೇ ಸಾಲಿನ ಆಜ್ಞೆ ಸಾಕು:

ಹೊಸಕಾಲ = ಕಾಲ - 6

ಇದು ಎರಡನೆಯ ಗಾಡಿಯ ಕಾಲದ ಪಟ್ಟಿಯಲ್ಲಿರುವ ಎಲ್ಲ ಸಂಖ್ಯೆಗಳಿಂದಲೂ 6ನ್ನು ಕಳೆಯುತ್ತದೆ. ಕಳೆದರೆ ರೇಖೆ ಎಡಕ್ಕೂ, ಕೂಡಿಸಿದರೆ ಬಲಕ್ಕೂ ಸರಿಯುವುದು. ದೂರದ ಪಟ್ಟಿಯನ್ನು ಮಾತ್ರ ಮುಟ್ಟಲಾಗದು.

‘ಹೊಸಕಾಲ’ವೆಂಬ ಬೇರೆ ಹೆಸರೇಕೆ? ನಮ್ಮ ವರ್ಗದಲ್ಲಿ ನಾವು ಮೊದಲು ‘ಕಾಲ = ಕಾಲ - 6’ ಎಂದೇ ಬರೆದಿದ್ದೆವು. ಆಜ್ಞೆಯು ಅರಿಯದೆ ಎರಡು ಸಲ ನಡೆಯಿತು. ರೇಖೆಯು 12 ಮಿನಿಟು ಸರಿದು, ಎರಡನೆಯ ಗಾಡಿಯೇ ಮೊದಲು ಹೊರಟಂತೆ ತೋರಿತು! ಮೂಲದ ಸಂಖ್ಯೆಗಳನ್ನು ಅಳಿಸದೆ ಉಳಿಸಿಕೊಳ್ಳಬೇಕೆಂಬ ಪಾಠವನ್ನು ನಾವು ಕಲಿತುದು ಹೀಗೆ.

ಸರಿಸಿದ ಮೇಲೆ ರೇಖೆಗಳು ಕುರ್ಲಾವರೆಗೆ ಒಂದಾಗಿದ್ದು, ಆಚೆಗೆ 2 ಮಿನಿಟಿನ ಅಂತರ ತೋರಿದರೆ, ಎರಡನೆಯ ಗಾಡಿ ಅಲ್ಲಿ ತಡವಾಯಿತೆಂದು ಅರ್ಥ. ಈ ಅಂತರವನ್ನು ಮುಚ್ಚಲೆಂದು 6ರ ಬದಲು 8ನ್ನು ಕಳೆದರೆ, ಕುರ್ಲಾದಾಚೆ ರೇಖೆಗಳು ಕೂಡಿಯಾವು. ಆದರೆ ಗಾಡಿ ಹೊರಟ ವೇಳೆಯೇ ಸುಳ್ಳಾದೀತು.

ದೊಡ್ಡ ವಿಜ್ಞಾನಿಗಳೂ ಈ ಕೆಲಸವನ್ನೇ ಮಾಡಿದ್ದಾರೆ. 2015ನೆಯ ಸೆಪ್ಟೆಂಬರ್ 14ರಂದು ಅಮೆರಿಕದ ಲಿವಿಂಗ್‌ಸ್ಟನ್ ಮತ್ತು ಹ್ಯಾನ್‌ಫೋರ್ಡ್ ಎಂಬಲ್ಲಿರುವ ಲೈಗೋ ಯಂತ್ರಗಳು ಗುರುತ್ವತರಂಗವನ್ನು ಮೊಟ್ಟಮೊದಲು ಗುರುತಿಸಿದುವು. ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಅಲೆಯದು. ಅದು ಲಿವಿಂಗ್‌ಸ್ಟನ್ನನ್ನು ಮುಟ್ಟಿ ಸುಮಾರು 6.9 ಮಿಲಿಸೆಕೆಂಡಾದ ಮೇಲೆ ಹ್ಯಾನ್‌ಫೋರ್ಡನ್ನು ಮುಟ್ಟಿತು. 2016ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ ವಿಜ್ಞಾನಿಗಳು ಹ್ಯಾನ್‌ಫೋರ್ಡಿನ ರೇಖೆಯನ್ನು ಅಷ್ಟೇ ಸರಿಸಿ, ಯಂತ್ರಗಳು ನಿಂತ ದಿಕ್ಕು ಬೇರೆಯಾದುದರಿಂದ ತಲೆಕೆಳಗು ಮಾಡಿ, ಲಿವಿಂಗ್‌ಸ್ಟನ್ನಿನ ರೇಖೆಯ ಮೇಲಿಟ್ಟರು. ಎರಡೂ ಹೊಂದಿಕೊಂಡುವು. ಆ ಊರುಗಳ ನಡುವಣ ದೂರ ಸುಮಾರು 3000 ಕಿಲೋಮೀಟರು. ಬೆಳಕು ಅದನ್ನು ದಾಟಲು ಸುಮಾರು 10 ಮಿಲಿಸೆಕೆಂಡು ಬೇಕು. ಗುರುತ್ವತರಂಗದ ವೇಗವೂ ಬೆಳಕಿನದೇ. ಆದುದರಿಂದ 10ಕ್ಕಿಂತ ಹೆಚ್ಚು ಸರಿಸಿ ಹೊಂದಿಸಿದ್ದರೆ ಅದು ಒಂದೇ ಅಲೆಯೆಂದು ಒಪ್ಪಲಾಗುತ್ತಿರಲಿಲ್ಲ. ಎಷ್ಟು ಸರಿಸಿದೆವೆಂಬುದನ್ನು ಅವರು ನಕ್ಷೆಯ ಕೆಳಗೇ ತಿಳಿಸಿದರು.

ನಾವೂ ಹಾಗೆಯೇ ಮಾಡೋಣ. ರೇಖೆಯನ್ನು ಸರಿಸುವ ಮೊದಲು ಕಾರಣವನ್ನು ಕೇಳೋಣ. ಸರಿಸಿದ ಮೇಲೆ ಎಷ್ಟೆಂಬುದನ್ನು ಬರೆಯೋಣ. ಹೊಂದದೆ ಉಳಿದ ಅಂತರವನ್ನು ಮರೆಮಾಚದೆ, ಅದೇನು ಹೇಳುತ್ತಿದೆಯೆಂದು ವಿಚಾರಿಸೋಣ.