ಗಾಡಿ ಮುಟ್ಟಿದರೆ ‘ಜುಮ್’ ಅನ್ನುತ್ತದೆಯೇ? ಎಚ್ಚರ!



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸಂತೆಗಳಲ್ಲಿ, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಚಹಾ-ಭಜಿ ಮಾರುವ ತಗಡಿನ ಗಾಡಿಗಳನ್ನು ನಾವೆಲ್ಲ ನೋಡಿದ್ದೇವೆ. ಸಂಘದ ಸಾಲದಿಂದ ಇಂಥ ಗಾಡಿ ಹಾಕುವವರೂ ಇದ್ದಾರೆ. “ಮುಟ್ಟಿದರ ಜರಾ ಜುಮ್ ಅಂತದ್ರೀ, ಏನೂ ಆಗೂದಿಲ್ಲ” ಎಂದು ಸುಮ್ಮನಿರುವುದು ಸರಿಯಲ್ಲ. ಆ ‘ಜುಮ್’ ಮೊದಲ ಎಚ್ಚರಿಕೆ.

ಯಾಕೆ ಹೀಗಾಗುತ್ತದೆ?

ಗಾಡಿಯ ತಗಡಿನ ಅಂಚಿಗೆ ಉಜ್ಜಿ ವೈರ್ ಸುಲಿಯುತ್ತದೆ. ಮಿಕ್ಸರ್, ಫ್ರಿಜ್ ಒಳಗೆ ಕರೆಂಟ್ ಸೋರುತ್ತದೆ. ಗಾಡಿ ರಬ್ಬರ್ ಗಾಲಿಯ ಮೇಲೆ ನಿಂತಿರುವುದರಿಂದ ಆ ಕರೆಂಟ್ ನೆಲಕ್ಕೆ ಇಳಿಯದೆ ತಗಡಿನಲ್ಲೇ ಇರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮುಟ್ಟಿದರೆ ನಮ್ಮ ಮೈಯೇ ಅದಕ್ಕೆ ದಾರಿ.

ಏನೇನು ಇರಬೇಕು?

1. ಪಕ್ಕದ ಅಂಗಡಿಯಿಂದ ಎಳೆಯುವ ವೈರ್ ಮೂರು ಎಳೆಯದಾಗಿರಲಿ. ಹಸಿರು ಎಳೆಯೇ ಅರ್ಥಿಂಗ್. ಅದು ಗಾಡಿಯ ಬಾಡಿಗೂ ಅಂಗಡಿಯ ಅರ್ಥಿಂಗ್‌ಗೂ ಗಟ್ಟಿಯಾಗಿ ಸೇರಿರಬೇಕು. ನ್ಯೂಟ್ರಲ್ ಅನ್ನು ಬಾಡಿಗೆ ಜೋಡಿಸಲೇಬಾರದು. ಆ ವೈರ್ ಕಡಿದರೆ ಇಡೀ ಗಾಡಿಗೆ 230 ವೋಲ್ಟ್ ಬರುತ್ತದೆ.

2. ವೈರ್ ಹೊರಡುವ ಜಾಗದಲ್ಲೇ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲಿ. 16 ಆಂಪಿಯರ್ ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಎದೆಯ ಮೂಲಕ ಹರಿದರೂ ಜೀವ ಹೋಗಬಹುದು. ಆರ್‌ಸಿಸಿಬಿಯ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿರಿ.

ದೋಷ ಹುಡುಕುವುದು ಹೇಗೆ?

‘ಜುಮ್’ ಅಂದ ಕೂಡಲೇ ಗಾಡಿ ಮುಟ್ಟದೆ, ಅಂಗಡಿಯ ಕಡೆಯಿಂದಲೇ ಕರೆಂಟ್ ಬಂದ್ ಮಾಡಿಸಿರಿ. ಟೆಸ್ಟರ್ ಹೊತ್ತಲಿಲ್ಲ ಎಂದು ನಂಬಬೇಡಿರಿ. ಆರ್‌ಸಿಸಿಬಿ ಇಲ್ಲದಿದ್ದರೆ ಮುಂದಿನ ಪರೀಕ್ಷೆ ಬೇಡ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಯಿರಿ.

ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಎಲ್ಲ ಪ್ಲಗ್ ಕಿತ್ತಿರಿ. ಸ್ವಿಚ್ ಬಂದ್ ಮಾಡಿದರೆ ಸಾಲದು. ಯಾರೂ ಗಾಡಿ ಮುಟ್ಟದಂತೆ ನೋಡಿಕೊಂಡು ಕರೆಂಟ್ ಹಾಕಿಸಿರಿ. ಆಗಲೂ ಬಿದ್ದರೆ ದೋಷ ವೈರಿಂಗ್‌ನಲ್ಲಿದೆ. ನಿಂತರೆ, ಪ್ರತಿ ಸಲ ಕರೆಂಟ್ ಬಂದ್ ಮಾಡಿಸಿ ಒಂದೊಂದೇ ಪ್ಲಗ್ ಸೇರಿಸಿ ನೋಡಿರಿ. ಯಾವುದಕ್ಕೆ ಬೀಳುತ್ತದೋ ಅದೇ ಕೆಟ್ಟಿದೆ. ವ್ಯಾಪಾರ ನಿಲ್ಲುತ್ತದೆ ಎಂದು ಆರ್‌ಸಿಸಿಬಿಯನ್ನೇ ತೆಗೆಸಬೇಡಿರಿ.

ಯಾರಿಗಾದರೂ ಕರೆಂಟ್ ಹಿಡಿದರೆ?

ಅವರನ್ನು ಮುಟ್ಟಬೇಡಿರಿ. ಮೊದಲು ಕರೆಂಟ್ ತೆಗೆಯಿರಿ. ಆಗದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಕಟ್ಟಿಗೆಯಿಂದ ದೂರ ತಳ್ಳಿರಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಜೋರಾಗಿ, ಬೇಗ ಬೇಗ ಒತ್ತುತ್ತಾ ಇರಿ. 108ಕ್ಕೆ ಫೋನ್ ಮಾಡಿಸಿರಿ. ಕಂಬದ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ ಹೆಸ್ಕಾಂನ 1912ಕ್ಕೆ ತಿಳಿಸಿರಿ.

ಸಭೆಯಲ್ಲಿ ಚರ್ಚಿಸಿರಿ:

1. ನಮ್ಮ ಸದಸ್ಯೆಯರ ಎಷ್ಟು ಗಾಡಿಗಳಿಗೆ ಅರ್ಥಿಂಗ್ ಇದೆ?
2. ಗಾಡಿಗೆ ಸಾಲ ಕೊಡುವಾಗ ಆರ್‌ಸಿಸಿಬಿಯ ಖರ್ಚನ್ನೂ ಸೇರಿಸೋಣವೇ?