ಬಿತ್ತಿಗೆಂದು ಬಿಟ್ಟ ಕಡಲು: ಫಿಲಿಪ್ಪೀನ್ಸಿನ ದಾವಿನ್ ಊರಿನ ಪಾಠ

ನಾವು ಭತ್ತ ಬೆಳೆಯುತ್ತಿದ್ದ ಕಾಲದಲ್ಲಿ ಮನೆಯ ಅಟ್ಟದಲ್ಲಿ ಬಿತ್ತಿನ ಮುಡಿ ಬೇರೆಯೇ ಇರುತ್ತಿತ್ತು. ಬೇಸಗೆಯ ಕೊನೆಗೆ ಅಕ್ಕಿ ಮುಗಿದು ಪಕ್ಕದ ಮನೆಯಿಂದ ಕಡ ತರುವ ಸ್ಥಿತಿ ಬಂದರೂ ಅಜ್ಜಿ ಆ ಮುಡಿಗೆ ಕೈ ಹಾಕಲು ಬಿಡುತ್ತಿರಲಿಲ್ಲ. "ಬಿತ್ತು ತಿಂದವ ಮುಂದಿನ ವರ್ಷ ಎಂತ ತಿಂತಾನೆ?" ಅಂತ ಒಂದೇ ಮಾತು.

ಗದ್ದೆಯ ವಿಷಯದಲ್ಲಿ ಇಷ್ಟು ಲೆಕ್ಕ ತಿಳಿದಿದ್ದ ನಾವೇ ಹೊಳೆಯ ವಿಷಯದಲ್ಲಿ ಅದನ್ನು ಮರೆತೆವು. ನಮ್ಮ ತೋಟದ ಕೆಳಗಿನ ಗುಂಡಿಗೆ ತೋಟೆ ಹಾಕಿದ ದಿನ ಬುಟ್ಟಿ ಹಿಡಿದು ಓಡಿದವರಲ್ಲಿ ನಾನೂ ಒಬ್ಬ. ಆಗ ನನಗೆ ಹದಿನಾರು ವರ್ಷ. ಇಂದು ಅದೇ ಗುಂಡಿಯಲ್ಲಿ ಗಾಳ ಹಾಕಿ ಕೂತರೆ ಬೀಡಿ ಮುಗಿಯುತ್ತದೆ, ಮೀನು ಸಿಕ್ಕುವುದಿಲ್ಲ.

ಹಾಗಾಗಿ ದಾವಿನ್ ಎಂಬ ಊರಿನ ಬಗ್ಗೆ ಓದುವಾಗ ನಮ್ಮದೇ ಕತೆ ಅನಿಸಿತು. ನಾನು ಅಲ್ಲಿಗೆ ಹೋದವನಲ್ಲ. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಬರೆದದ್ದನ್ನು ಓದಿ, ಕೃಷಿಕನ ಕಣ್ಣಿಗೆ ಕಂಡದ್ದನ್ನು ಇಲ್ಲಿ ಕೊಡುತ್ತಿದ್ದೇನೆ.

ಊರಿನ ಪರಿಚಯ

ಫಿಲಿಪ್ಪೀನ್ಸ್ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ. ಅದರಲ್ಲಿ ದೊಡ್ಡ ದ್ವೀಪಗಳಲ್ಲೊಂದು ನೆಗ್ರೋಸ್. ಅದರ ಪೂರ್ವ ಭಾಗದ ಪ್ರಾಂತಕ್ಕೆ ದುಮಗೆತೆ ಮುಖ್ಯ ಪಟ್ಟಣ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 15 ಕಿ.ಮೀ. ಹೋದರೆ ದಾವಿನ್. ಮುನಿಸಿಪಾಲಿಟಿ ಅಂದ ಕೂಡಲೇ ಪೇಟೆ ಅಂತ ತಿಳಿಯಬೇಡಿ. ಅಲ್ಲಿ ಅದು ಹಳ್ಳಿಗಳ ಒಂದು ಗುಂಪು, ಗಾತ್ರದಲ್ಲಿ ನಮ್ಮ ಹೋಬಳಿಯ ಹಾಗೆ. ಒಂದೊಂದು ಹಳ್ಳಿಗೆ 'ಬರಂಗಾಯ್' ಎಂದು ಹೆಸರು. ದಾವಿನ್‌ಗೆ ಅಂಥ 23 ಹಳ್ಳಿಗಳು ಸೇರಿವೆ.

ಹಿಂದೆ ತಾಲಿನಿಸ್ ಎಂಬ ಅಗ್ನಿಪರ್ವತದ ಸಾಲು, ಮುಂದೆ ಕಡಲು. ನಡುವಿನ ಇಳಿಜಾರಿನಲ್ಲಿ ಕೃಷಿ. ಪರ್ವತ ಕೊಟ್ಟ ಮಣ್ಣಾದ್ದರಿಂದ ಕಡಲತೀರದ ಮರಳೂ ಕಪ್ಪು. ಮುಖ್ಯ ಬೆಳೆ ತೆಂಗು ಮತ್ತು ಮೆಕ್ಕೆಜೋಳ. ಬಿಳಿ ಮೆಕ್ಕೆಜೋಳದ ನುಚ್ಚನ್ನು ಬೇಯಿಸಿ ಅನ್ನದ ಹಾಗೆ ಉಣ್ಣುವುದು ಆ ಭಾಗದ ಹಳೆಯ ವಾಡಿಕೆ. ತೆಂಗಿನಿಂದ ಕೊಬ್ಬರಿಯೂ ಆಗಬೇಕು, ಕಳ್ಳೂ ಆಗಬೇಕು. ಕಳ್ಳಿಗೆ ಅವರು 'ತುಬ' ಎನ್ನುತ್ತಾರೆ. ಮೀನಿಗೆ ಹೋಗುವುದು 'ಬಾಂಕಾ' ಎಂಬ ಕಿರಿದೋಣಿಯಲ್ಲಿ. ಮಗುಚದಂತೆ ಅದರ ಎರಡೂ ಬದಿಗೆ ಬಿದಿರಿನ ತೋಳು ಕಟ್ಟಿರುತ್ತಾರೆ. ತುಂಡು ಭೂಮಿಯ ಜೊತೆಗೆ ದೋಣಿಯೂ ಇದ್ದರೆ ಮಾತ್ರ ವರ್ಷ ಸಾಗುವಂಥ ಬದುಕು.

ತೋಟೆಯ ಕಾಲ

ಆ 23 ಹಳ್ಳಿಗಳಲ್ಲಿ ಒಂದು ಮಾತ್ರ ಕಡಲಿನ ಆಚೆ ಇದೆ. ಅದೇ ಆಪೊ ದ್ವೀಪ. ವಿಸ್ತೀರ್ಣ ಸುಮಾರು 74 ಹೆಕ್ಟೇರ್. ಗುಡ್ಡದ ನೆಲ, ತೆಳು ಮಣ್ಣು. ಸ್ವಲ್ಪ ಜೋಳ, ಮರಗೆಣಸು, ತೆಂಗು ಬಿಟ್ಟರೆ ಬೇರೆ ಹೆಚ್ಚೇನೂ ಬಾರದು. ಕುಡಿಯುವ ನೀರನ್ನೂ ದೋಣಿಯಲ್ಲಿ ತರಬೇಕು. ಅಂಥವರಿಗೆ ದ್ವೀಪದ ಸುತ್ತಲಿನ ಹವಳದ ದಿಬ್ಬವೇ ಗದ್ದೆ.

ಎರಡನೇ ಮಹಾಯುದ್ಧದ ನಂತರ ಆ ಕಡಲಿಗೆ ತೋಟೆ ಬಂತು, ಮತ್ತೆ ಸಯನೈಡ್ ವಿಷ ಬಂತು. 'ಮುರೊ ಆಮಿ' ಎಂಬ ಇನ್ನೊಂದು ಕ್ರಮವಿತ್ತು. ಈಜುವವರು ಸಾಲಾಗಿ ಕಲ್ಲು ಕಟ್ಟಿದ ಹಗ್ಗದಿಂದ ಹವಳವನ್ನು ಕುಟ್ಟುತ್ತಾ ಮೀನನ್ನು ಬಲೆಗೆ ಓಡಿಸುವುದು. ಹವಳ ನೋಡಲು ಕಲ್ಲಿನ ಹಾಗಿದ್ದರೂ ಜೀವ ಇರುವಂಥದು, ನಿಧಾನಕ್ಕೆ ಬೆಳೆಯುವಂಥದು. ಮೀನು ಅಡಗುವುದು, ಮೇಯುವುದು ಅದರ ಸಂದಿಯಲ್ಲೇ. ಅದು ಪುಡಿಯಾದರೆ ಮೀನಿಗೆ ಮನೆ ಎಲ್ಲಿ? 1970ರ ದಶಕದಲ್ಲಿ ಆಪೊದ ಬೆಸ್ತರು ಮನೆಯೆದುರಿನ ಕಡಲು ಬಿಟ್ಟು ದೂರ ದೂರ ಹುಟ್ಟು ಹಾಕಬೇಕಾಯಿತು.

ಮೂರು ವರ್ಷದ ಮಾತುಕತೆ

ದುಮಗೆತೆಯಲ್ಲಿ ಸಿಲಿಮನ್ ವಿಶ್ವವಿದ್ಯಾಲಯವಿದೆ. ಅಲ್ಲಿನ ಕಡಲಜೀವಿ ವಿಜ್ಞಾನಿ ಏಂಜಲ್ ಅಲ್ಕಾಲಾ 1974ರಲ್ಲೇ ಸೆಬು ಬದಿಯ ಸುಮಿಲೊನ್ ದ್ವೀಪದಲ್ಲಿ ಒಂದು ಪ್ರಯೋಗ ಮಾಡಿಸಿದ್ದರು. ಹವಳದಿಬ್ಬದ ಸುಮಾರು ಕಾಲು ಭಾಗದಲ್ಲಿ ಮೀನು ಹಿಡಿಯುವುದೇ ಬೇಡ ಎಂದು ಬಿಟ್ಟದ್ದು. 1979ರಲ್ಲಿ ಅವರು ಮತ್ತು ಸಂಗಡಿಗರು ಆಪೊಕ್ಕೆ ಬಂದರು. ಕೆಲವು ಬೆಸ್ತರನ್ನು ಸುಮಿಲೊನ್‌ಗೆ ಕರೆದೊಯ್ದು ತೋರಿಸಿದರು.

ಆದರೂ ಜನ ಕೂಡಲೇ ಒಪ್ಪಲಿಲ್ಲ. ಒಪ್ಪುವುದು ಹೇಗೆ? ಇರುವ ಗದ್ದೆಯೇ ಸಾಲದಾಗ ಅದರಲ್ಲೊಂದು ತುಂಡು ಬೀಳು ಬಿಡು ಅಂದರೆ ನಾವಾದರೂ ಒಪ್ಪುತ್ತೇವೆಯೇ? ಮಾತಿನಲ್ಲೇ ಮೂರು ವರ್ಷ ಹೋಯಿತು. 1982ರಲ್ಲಿ 14 ಕುಟುಂಬಗಳು ಮುಂದೆ ಬಂದು ದ್ವೀಪದ ಆಗ್ನೇಯ ಬದಿಯಲ್ಲಿ ಸುಮಾರು 450 ಮೀಟರ್ ತೀರದ ಕಡಲನ್ನು ಬಿತ್ತಿಗೆ ಬಿಟ್ಟವು. ಅದು ಅವರು ಮೀನು ಹಿಡಿಯುವ ಜಾಗದ ಸುಮಾರು ಹತ್ತನೆಯ ಒಂದು ಪಾಲು. ಕಾವಲು ಸರದಿಯ ಮೇಲೆ, ಮನೆಗೊಬ್ಬರಂತೆ.

ಬಿಟ್ಟ ಜಾಗದ ಅಂಚಿನಲ್ಲಿ ಮೀನು ಹೆಚ್ಚಿದ್ದು ಕಣ್ಣಿಗೆ ಕಂಡಾಗ ಉಳಿದವರೂ ಸೇರಿಕೊಂಡರು. ಆಮೇಲೆ ಇಡೀ ದ್ವೀಪಕ್ಕೆ ನಿಯಮವಾಯಿತು. ತೋಟೆ, ವಿಷ, ಸಣ್ಣ ಕಣ್ಣಿನ ಬಲೆ ಬೇಡ. ಗಾಳ, ಬಿದಿರಿನ ಗೂಡು, ದೊಡ್ಡ ಕಣ್ಣಿನ ಬಲೆ ಸಾಕು. ಹೊರಗಿನವರಿಗೆ ಪ್ರವೇಶವಿಲ್ಲ. 1980ರ ದಶಕದ ನಡುವೆ ದಾವಿನ್ ಮುನಿಸಿಪಾಲಿಟಿ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ನಮ್ಮ ಹೊಳೆಯ ಕಟ್ಟದ ಕ್ರಮವೂ ಹೀಗೆಯೇ ಅಲ್ಲವೆ? ಮನೆಗೊಂದು ಆಳು ಬಂದರೆ ನೀರು ನಿಲ್ಲುತ್ತದೆ. ಎರಡು ಮನೆಯವರು ಬಾರದಿದ್ದರೆ ಕಟ್ಟ ಸೋರುತ್ತದೆ.

ಅಳೆದು ನೋಡಿದ ಲೆಕ್ಕ

ಅಲ್ಕಾಲಾ ಮತ್ತು ಆಸ್ಟ್ರೇಲಿಯಾದ ಗ್ಯಾರಿ ರಸ್ ಅವರು ವರ್ಷ ವರ್ಷ ನೀರಿಗಿಳಿದು ಮೀನು ಎಣಿಸಿದರು. 1983ರಿಂದ 2001ರ ಒಳಗೆ, ಬಿಟ್ಟ ಜಾಗದಲ್ಲಿ ಅಲ್ಲಿನ ಎರಡು ಮುಖ್ಯ ಜಾತಿ ಮೀನುಗಳ ಒಟ್ಟು ತೂಕ ಮೂರು ಪಟ್ಟಾಯಿತು. ಹೊರಗೆ ಗಾಳ ಹಾಕುವವರಿಗೆ ಅಷ್ಟೇ ಹೊತ್ತಿನ ದುಡಿಮೆಗೆ ಮೊದಲಿಗಿಂತ ಸುಮಾರು ಒಂದೂವರೆ ಪಟ್ಟು ಮೀನು ಸಿಗತೊಡಗಿತು. ದೊಡ್ಡ ಮೀನಿಗೆ ಮೊಟ್ಟೆ ಹೆಚ್ಚು, ಜಾಗ ತುಂಬಿದರೆ ಮೀನು ಹೊರಗೂ ಬರುತ್ತದೆ. ಇದರಲ್ಲಿ ಮಂತ್ರವೇನೂ ಇಲ್ಲ.

ಆದರೆ ಸಮಯ ನೋಡಿ. ಈ ಫಲಕ್ಕೆ ಹದಿನೆಂಟು ವರ್ಷ ಹಿಡಿಯಿತು. ತೆಂಗು ನೆಟ್ಟವನಿಗಿಂತ ಹೆಚ್ಚು ತಾಳ್ಮೆ ಬೇಕು.

ಸುಮಿಲೊನ್ ಸೋತದ್ದು

ಪಾಠ ಕಲಿಸಿದ ಸುಮಿಲೊನ್ ಏನಾಯಿತು? 1984ರಲ್ಲಿ ಅಲ್ಲಿ ಆಡಳಿತದವರು ಬದಲಾದರು, ಕಾವಲು ಬಿತ್ತು, ಬಿಟ್ಟ ಜಾಗಕ್ಕೂ ಬಲೆ ಇಳಿಯಿತು. ಹಿಡಿಯುವ ಜಾಗ ಹೆಚ್ಚಾದ ಮೇಲೆ ಮೀನೂ ಹೆಚ್ಚು ಸಿಗಬೇಕಿತ್ತು. ಎರಡು ವರ್ಷದೊಳಗೆ ಒಟ್ಟು ಹಿಡುವಳಿ ಸುಮಾರು ಅರ್ಧಕ್ಕೆ ಇಳಿಯಿತು. ಬಿತ್ತಿನ ಮುಡಿ ಬಿಚ್ಚಿದವರ ಕತೆ ಇದು. ಹತ್ತು ವರ್ಷ ಕೂಡಿಟ್ಟದ್ದು ಖಾಲಿಯಾಗಲು ಎರಡೇ ವರ್ಷ ಸಾಕಾಯಿತು.

ಗೆದ್ದವರಿಗೂ ತಲೆನೋವು

ಆಪೊದಲ್ಲೂ ಎಲ್ಲ ಸುಖ ಅಂತ ಬರೆದರೆ ತಪ್ಪಾದೀತು. ಹೆಸರು ಹರಡಿದ ಮೇಲೆ ಮುಳುಗಿ ನೋಡುವ ಪ್ರವಾಸಿಗರು ಬಂದರು, ಶುಲ್ಕದ ಹಣ ಬಂತು. 1994ರಲ್ಲಿ ದ್ವೀಪ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಯಿತು. ಆಡಳಿತಕ್ಕೆ ಮಂಡಳಿ ಬಂತು, ಸರದಿಯಲ್ಲಿ ಕಾದವರ ಮಾತು ಆ ಮಂಡಳಿಯಲ್ಲಿ ಹಲವು ಮಾತುಗಳಲ್ಲೊಂದಾಯಿತು. ಇಂಥ ಪ್ರದೇಶಗಳ ಆದಾಯದಲ್ಲಿ ನೂರಕ್ಕೆ 75 ಅಲ್ಲಿಯೇ ಉಳಿಯಬೇಕೆಂದು ದೇಶದ ಕಾನೂನು ಖಚಿತ ಮಾಡಿದ್ದು 2013ರಲ್ಲಿ.

2011 ಮತ್ತು 2012ರ ಡಿಸೆಂಬರ್‌ಗಳಲ್ಲಿ ಬಂದ ಎರಡು ಚಂಡಮಾರುತಗಳು ಬಿಟ್ಟ ಜಾಗದ ಹವಳವನ್ನೇ ಹೊಡೆದು ಹಾಕಿದವು. ಗಾಳಿಗೆ ಬಿದ್ದ ತೆಂಗಿನ ತೋಟದ ಎದುರು ನಿಂತವರಿಗೆ ಆ ನೋವು ಗೊತ್ತು. ಅವರು ಜಾಗ ಬಿಟ್ಟುಕೊಡಲಿಲ್ಲ. ಪ್ರವಾಸಿಗರಿಗೂ ಅದನ್ನು ಮುಚ್ಚಿ ಮತ್ತೆ ಕಾದರು.

ಹಾದಿ ತೋರಿದ ಅಲ್ಕಾಲಾ 1992ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು, 2023ರಲ್ಲಿ ತೀರಿಕೊಂಡರು. ದಾವಿನ್‌ನ ನೆಗ್ರೋಸ್ ತೀರದ ಹಳ್ಳಿಗಳೂ ತಮ್ಮ ತಮ್ಮ ಎದುರಿನ ಕಡಲಿನಲ್ಲಿ ಇಂಥ ಸಣ್ಣ ತುಂಡುಗಳನ್ನು ಬಿಟ್ಟಿವೆ.

ನಮ್ಮ ಹೊಳೆಗೆ?

ನಮ್ಮಲ್ಲಿ ಇದು ಹೊಸತೇನಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಹೆಸರಿನಲ್ಲಿ ಮೀನು ಉಳಿದಿದೆ. ದೇವಸ್ಥಾನ ಇಲ್ಲದ ಗುಂಡಿಯನ್ನು ಕಾಯುವವರು ಯಾರು ಎಂಬುದೇ ಪ್ರಶ್ನೆ.

ಇದನ್ನೆಲ್ಲ ಪಕ್ಕದ ತೋಟದವರಿಗೆ ಹೇಳಿದೆ. ಅವರು ಅಡಿಕೆ ಸುಲಿಯುತ್ತಲೇ ಕೇಳಿದರು: "ಅದು ಸರಿ ಅಣ್ಣ, ನಾವು ಬಿಟ್ಟರೆ ಆಚೆ ಕರೆಯವ ಹಿಡಿಯುವುದಿಲ್ವಾ?"

ಆಪೊದವರೂ ಮೂರು ವರ್ಷ ಕೇಳಿದ್ದು ಇದನ್ನೇ ಇರಬೇಕು. ಅದಕ್ಕೆ ಉತ್ತರ ಆಚೆ ಕರೆಯವನನ್ನೂ ಕರೆದು ಕೂರಿಸುವುದು. ಅಲ್ಲಿ ಶುರು ಮಾಡಿದ್ದು 14 ಮನೆ. ನಮ್ಮ ಕಟ್ಟಕ್ಕೆ ಎರಡೂ ಕರೆ ಸೇರಿ ಬರುವುದು ಒಂಬತ್ತು ಮನೆ. ಈ ಸಲ ಕಟ್ಟ ಹಾಕುವ ದಿನ, ಕಟ್ಟದ ಮೇಲಿನ ಒಂದು ಗುಂಡಿಯನ್ನು ಬಿತ್ತಿಗೆ ಬಿಡುವ ಮಾತು ಎತ್ತಬೇಕೆಂದಿದ್ದೇನೆ. ತೋಟೆಯ ದಿನ ಬುಟ್ಟಿ ಹಿಡಿದು ಓಡಿದವ ನಾನೇ ಆದ್ದರಿಂದ ಮೊದಲ ಸರದಿಯ ಕಾವಲೂ ನನ್ನದೇ. ನಿಮ್ಮ ಊರಿನಲ್ಲಿ ಹೀಗೆ ಉಳಿಸಿದ ಗುಂಡಿ ಇದ್ದರೆ, ಕಾವಲು ಹೇಗೆ ನಡೆಯುತ್ತಿದೆ ಎಂದು ಪತ್ರಿಕೆಗೆ ಬರೆಯಿರಿ.